ನಮ್ಮ ಮನೆಯ ರೇಡಿಯೋ

ಕೆಟ್ಟುಹೋದ ವಸ್ತುವನ್ನು ಎಸೆಯಲಾರದ ಸ್ವಭಾವ ನಮ್ಮ ವಂಶಕ್ಕೇ ಬಂದದ್ದು. ಪರಶುರಾಂಪುರದ ನಮ್ಮ ಮನೆಯ ಅಟ್ಟವನ್ನು ಒಮ್ಮೆ ಹತ್ತಿ ನೋಡಿದವರಿಗೆ ಈ ಮಾತಿನ ಸತ್ಯ ಮನದಟ್ಟಾಗದೆ ಇರದು. ಕಡ್ಡಿ ಮುರಿದ ಛತ್ರಿಗಳು, ತಳ ತೂತಾದ ಕೊಳಗ, ಒಂದು ಕಾಲನ್ನು ಕಳೆದುಕೊಂಡ ಬರೆಯುವ ಮೇಜು, ಯಾವ ಬೀಗಕ್ಕೂ ಹೊಂದದ ಬೀಗದ ಕೈಗಳ ಗೊಂಚಲು - ಇವೆಲ್ಲಕ್ಕೂ ಅಲ್ಲಿ ಆಶ್ರಯ ದೊರಕಿದೆ. ಇವುಗಳ ನಡುವೆ, ಹಳೆಯ ಕರಿಯ ಕಂಬಳಿಯೊಂದನ್ನು ಹೊದ್ದು, ಇಪ್ಪತ್ತಮೂರು ವರ್ಷ ಮೌನವ್ರತ ಹಿಡಿದು ಕುಳಿತಿತ್ತು, ನಮ್ಮ ತಾತನವರ ರೇಡಿಯೋ.

2019ರ ಮೇ ತಿಂಗಳಲ್ಲಿ ತಂಗಿಯ ಮದುವೆಗೆಂದು ಮನೆಗೆ ಸುಣ್ಣ ಬಳಿಸುವ ಪ್ರಸಂಗ ಬಂತು. ನಾನು ತುಮಕೂರಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವವನು. ಬೇಸಿಗೆಯ ರಜೆಗೆ ಊರಿಗೆ ಬಂದಿದ್ದೆ. ನಮ್ಮ ಊರಿನ ಮೇ ತಿಂಗಳ ಬಿಸಿಲನ್ನು ಕಂಡವರೇ ಬಲ್ಲರು. ವೇದಾವತಿಯ ಪಾತ್ರದಲ್ಲಿ ನೀರಿಗೆ ಬದಲಾಗಿ ಮರಳು ಮಿರುಗುತ್ತಿರುತ್ತದೆ. ಶೇಂಗಾ ಬಿತ್ತುವ ಹೊಲಗಳು ಮಳೆಯ ದಾರಿ ನೋಡುತ್ತ ಬಾಯಿ ಬಿಟ್ಟಿರುತ್ತವೆ. ಅಂಥ ಒಂದು ಮಧ್ಯಾಹ್ನ ಅಮ್ಮ ಗುಜರಿಯವನನ್ನು ಕರೆಸಿ ಅಟ್ಟವನ್ನು ಇಳಿಸಲು ಆರಂಭಿಸಿದಳು. ಅವನು ರೇಡಿಯೋವನ್ನು ತಿರುಗಿಸಿ ಮುರುಗಿಸಿ ನೋಡಿ ಇನ್ನೂರು ರೂಪಾಯಿ ಬೆಲೆ ಕಟ್ಟಿದ.

ಅಪ್ಪ ಜಗಲಿಯಿಂದಲೇ ಕೂಗಿ ಹೇಳಿದರು: "ಕೊಟ್ಟು ಕಳಿಸು ಅತ್ಲಾಗೆ. ಆ ಮೋಸಗಾರ ಕೈಯಾಡಿಸಿದ ದಿನವೇ ಅದರ ಪ್ರಾಣ ಹೋಯಿತು."

ಈ ಮಾತನ್ನು ನಾನು ಬಾಲ್ಯದಿಂದ ನೂರು ಸಲ ಕೇಳಿದ್ದೇನೆ. ಅಂದು ಮಾತ್ರ ಅದೇಕೋ ಎದೆಗೆ ನಾಟಿತು. "ಕೊಡುವುದು ಬೇಡ, ನಾನು ಸರಿಮಾಡುತ್ತೇನೆ" ಎಂದುಬಿಟ್ಟೆ. ಮನೆಯವರೆಲ್ಲರೂ ನಕ್ಕರು. ಕನ್ನಡದಲ್ಲಿ ಎಂ.ಎ. ಮಾಡಿದವನಿಗೂ ರೇಡಿಯೋ ರಿಪೇರಿಗೂ ಎತ್ತಣಿಂದೆತ್ತ ಸಂಬಂಧ! ನಾನು ಹಾಗೇಕೆ ಹೇಳಿದೆನೆಂಬುದನ್ನು ಓದುಗರಿಗೆ ಮುಂದೆ ತಿಳಿಸುತ್ತೇನೆ. ಅಂದು ಅದನ್ನು ನನಗೆ ನಾನೇ ತಿಳಿಸಿಕೊಂಡಿರಲಿಲ್ಲ.

ತಾತನವರು ಪ್ರಾಥಮಿಕ ಶಾಲೆಯ ಮೇಷ್ಟ್ರು. ಮನೆಗೆ ವಿದ್ಯುತ್ ದೀಪ ಬಂದ ಮೇಲೆ, ದಾವಣಗೆರೆಯಲ್ಲಿ ಯಾರೋ ಮಾರುತ್ತಿದ್ದ ಈ ರೇಡಿಯೋವನ್ನು ನಾಲ್ಕು ತಿಂಗಳ ಸಂಬಳ ಸುರಿದು ಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರಂತೆ. ಅವರ ಲೈಸೆನ್ಸು ಪುಸ್ತಕ ಇನ್ನೂ ನಮ್ಮಲ್ಲಿದೆ. ಮೊದಲ ಮುದ್ರೆ 1964ರದು. ರೇಡಿಯೋ ಕೇಳುವುದಕ್ಕೂ ಸರಕಾರದ ಅಪ್ಪಣೆ ಬೇಕಾಗಿದ್ದ ಕಾಲ ಅದು. ವರ್ಷ ವರ್ಷವೂ ಅಂಚೆ ಕಚೇರಿಗೆ ಹೋಗಿ ಶುಲ್ಕ ಕಟ್ಟಿ ಆ ಪುಸ್ತಕದಲ್ಲಿ ಮುದ್ರೆ ಒತ್ತಿಸಿಕೊಂಡು ಬರಬೇಕಾಗಿತ್ತು. 1980ರ ದಶಕದಲ್ಲಿ ಈ ಪದ್ಧತಿ ರದ್ದಾಯಿತು.

ತೇಗದ ಬಣ್ಣದ ಮರದ ಪೆಟ್ಟಿಗೆ, ಮುಂಭಾಗದಲ್ಲಿ ಚಿನ್ನದೆಳೆಯ ಬಟ್ಟೆ, ಅದರ ಕೆಳಗೆ ಊರುಗಳ ಹೆಸರು ಬರೆದ ಗಾಜಿನ ಫಲಕ, ಮೂಲೆಯಲ್ಲಿ ಒಂದು ಹಸಿರು ಕಣ್ಣು. ಮಾಳಿಗೆಯಿಂದ ಹಿತ್ತಲ ಬೇವಿನ ಮರದವರೆಗೆ ತಾಮ್ರದ ತಂತಿಯ ಏರಿಯಲ್. ಮತ್ತೊಂದು ತಂತಿ ಗೋಡೆಯ ಬುಡದಲ್ಲಿ ನೆಲಕ್ಕಿಳಿದಿತ್ತು. ಆ ನೆಲ ಒಣಗಿದರೆ ರೇಡಿಯೋ ಒರಲುತ್ತದೆಂದು ಯಾರೋ ಹೇಳಿದ್ದರಿಂದ, ಅಜ್ಜಿ ಪ್ರತಿದಿನ ತುಳಸಿಗೆ ಒಂದು ಚೊಂಬು, ರೇಡಿಯೋಗೆ ಒಂದು ಚೊಂಬು ನೀರೆರೆಯುತ್ತಿದ್ದರು.

ಇಂದು ದೇಶವೆಲ್ಲ ಬಳಸುವ 'ಆಕಾಶವಾಣಿ' ಎಂಬ ಹೆಸರು ನಮ್ಮ ಮೈಸೂರಿನಿಂದ ಹೋದದ್ದು. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಸಣ್ಣ ಯಂತ್ರವೊಂದನ್ನು ಇಟ್ಟು ಪ್ರಸಾರ ಆರಂಭಿಸಿದ ನಿಲಯಕ್ಕೆ ಸಂದ ಹೆಸರು ಅದು. ಧಾರವಾಡದ ನಿಲಯ 1950ರಲ್ಲಿಯೂ ಬೆಂಗಳೂರಿನದು 1955ರಲ್ಲಿಯೂ ಬಂದವು. ನಮ್ಮಂಥ ಗಡಿಯ ಊರಿಗೆ ಆ ವಾಣಿ ತಲುಪುತ್ತಿದ್ದುದು ಇಂಥ ನಾಲ್ಕೆಂಟು ಪೆಟ್ಟಿಗೆಗಳ ಮೂಲಕ. ನೆಹರೂ ತೀರಿಕೊಂಡ ಸುದ್ದಿಯನ್ನು 1964ರ ಮೇ 27ರಂದು ಊರು ಕೇಳಿದ್ದು ನಮ್ಮ ಜಗಲಿಯ ಮೇಲೆ. 1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದಾಗ ತಾತನವರು ಶಾಲೆಯ ಮಕ್ಕಳನ್ನೆಲ್ಲ ಕರೆತಂದು ಇದರ ಮುಂದೆ ಕೂರಿಸಿದ್ದರಂತೆ. ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ತೆಲುಗನ್ನೂ ಆಡಿ ಬೆಳೆದ ನನಗೆ, ನಮ್ಮ ಭಾಷೆಗೆ ಇಷ್ಟು ಗಾಂಭೀರ್ಯವುಂಟೆಂದು ಮೊದಲು ತಿಳಿದದ್ದು ಆ ಚಿನ್ನದೆಳೆಯ ಬಟ್ಟೆಯ ಹಿಂದಿನಿಂದ.

ಇನ್ನು, ಅದು ಮೂಕವಾದ ಬಗೆ. ನಮ್ಮ ಮನೆಯ ಇತಿಹಾಸ ಹೇಳುವುದು ಹೀಗೆ: 1996ರ ಬೇಸಿಗೆಯಲ್ಲಿ ರೇಡಿಯೋದ ಧ್ವನಿ ಕ್ಷೀಣಿಸಿತು. ಬಸ್ ನಿಲ್ದಾಣದ ಬಳಿ ರಿಪೇರಿ ಅಂಗಡಿ ಇಟ್ಟಿದ್ದವರೊಬ್ಬರ ಬಳಿಗೆ ತಾತನವರು ಅದನ್ನು ಒಯ್ದರು. ಊರಿನವರಿಗೆ ಅವರು 'ರೇಡಿಯೋದವರು'. ಹುಡುಗರಾದ ನಮಗೆ 'ರೇಡಿಯೋ ಮಾವ'. ಅವರು ಕವಾಟವೊಂದನ್ನು ಬದಲಿಸಿ, ಅರವತ್ತು ರೂಪಾಯಿ ತೆಗೆದುಕೊಂಡು, ಒಳ್ಳೆಯ ಸ್ಥಿತಿಯಲ್ಲಿ ಹಿಂದಿರುಗಿಸಿದರು. ಒಂದು ವಾರ ಅದು ಕಂಚಿನ ಕಂಠದಲ್ಲಿ ನುಡಿಯಿತು. ಎಂಟನೆಯ ದಿನ ಸಂಜೆ ಗುಂಡಿ ತಿರುಗಿಸಿದರೆ ಬರಿಯ ಗುಂಯ್‌ಗುಡುವ ಸದ್ದು. ಯಾವ ನಿಲಯವೂ ಇಲ್ಲ. ತಾತನವರು ಹಿಂಬದಿಯಲ್ಲಿ ಇಣುಕಿ ನೋಡಿದರು. ವಿಲಾಯತಿ ಕವಾಟವಿದ್ದ ಸ್ಥಳದಲ್ಲಿ ಬೆಂಗಳೂರಿನ ಬಿ.ಇ.ಎಲ್. ಅಚ್ಚಿನದೊಂದು ಕುಳಿತಿತ್ತು. ಒಳ್ಳೆಯದನ್ನು ಕದ್ದು ಕಳಪೆಯದನ್ನು ಹಾಕಿದ್ದಾನೆಂದು ಅವರು ತೀರ್ಮಾನಿಸಿದರು. ಸಂತೆಯ ದಿನ, ಹತ್ತು ಜನರ ಮುಂದೆ, ಅಂಗಡಿಯ ಬಾಗಿಲಲ್ಲಿ ನಿಂತು 'ಕಳ್ಳ' ಎಂದರು.

ರೇಡಿಯೋ ಮಾವ ಮನೆಗೆ ಬಂದರು. ಹಿಂಬದಿಯ ಹಲಗೆ ತೆಗೆದು ಬಹಳ ಹೊತ್ತು ನೋಡಿದರು. ಹಲಗೆಯನ್ನು ಮೊದಲಿನಂತೆಯೇ ಮುಚ್ಚಿದರು. "ನನ್ನ ಕೈಲಿ ಆಗೋದಿಲ್ಲ ಮೇಷ್ಟ್ರೇ" ಎಂದು ಅರವತ್ತು ರೂಪಾಯಿಗಳನ್ನು ಮೇಜಿನ ಮೇಲಿಟ್ಟು ಹೊರಟುಹೋದರು. ಹಣ ಹಿಂದಿರುಗಿಸಿದ್ದೇ ಅಪರಾಧಕ್ಕೆ ಸಾಕ್ಷಿಯಾಯಿತು. ಮರುವರ್ಷ ಅಂಗಡಿ ಮುಚ್ಚಿ ಅವರು ಚಳ್ಳಕೆರೆಗೆ ಹೋದರು.

ಇದು ಮನೆಯ ಇತಿಹಾಸ. ಪ್ರತಿಯೊಂದು ಗ್ರಂಥಕ್ಕೂ ಪಾಠಾಂತರಗಳುಂಟೆಂದು ನಾನು ತರಗತಿಯಲ್ಲಿ ಹೇಳುತ್ತಿರುತ್ತೇನೆ. ಇದಕ್ಕೂ ಒಂದಿತ್ತು.

ರಿಪೇರಿಯ ಕೆಲಸಕ್ಕೆ ನಮ್ಮ ಕಾಲೇಜಿನ ಭೌತಶಾಸ್ತ್ರದ ಉಪನ್ಯಾಸಕರೊಬ್ಬರು ದೂರವಾಣಿಯಲ್ಲಿ ಗುರುಗಳಾದರು. ಅವರ ಮೊದಲ ಉಪದೇಶ: "ಪ್ಲಗ್ಗು ಹಾಕಬೇಡಿ. ಹಳೆಯ ಸೆಟ್ಟನ್ನು ಕೊಲ್ಲುವ ನೇರವಾದ ದಾರಿ ಅದು." ಎರಡನೆಯದು: "ಒಳಗೆ 250 ವೋಲ್ಟಿನ ಮೇಲೆ ಇರುತ್ತದೆ. ಆರಿಸಿದ ಮೇಲೂ ಕಂಡೆನ್ಸರಿನಲ್ಲಿ ಅದು ಕಾದು ಕುಳಿತಿರುತ್ತದೆ. ಅದನ್ನು ಇಳಿಸದೆ ಕೈ ಇಡಬೇಡಿ. ಇಡುವಾಗ ಒಂದೇ ಕೈ ಇಡಿ." ಶಾಸ್ತ್ರಕ್ಕೆ ಮೊದಲು ಭಯವನ್ನು ಕಲಿಸುವವನೇ ನಿಜವಾದ ಗುರು.

ಹಲಗೆ ತೆಗೆದು, ಒಂದು ಬೊಗಸೆ ಧೂಳನ್ನೂ ಜೇಡರ ಬಲೆಯನ್ನೂ ಕುಂಚದಿಂದ ನೀಗಿ, ಕವಾಟಗಳನ್ನು ಒಂದೊಂದಾಗಿ ಕಿತ್ತು ಒರೆಸಿ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಅವುಗಳ ಮೈಮೇಲಿನ ಹೆಸರುಗಳನ್ನು ಓದಿದಾಗ ಒಂದು ಅನಿರೀಕ್ಷಿತವಾದ ಸಂತೋಷವುಂಟಾಯಿತು. ಇ.ಸಿ.ಎಚ್. 81, ಇ.ಎಫ್. 89, ಇ.ಬಿ.ಸಿ. 81, ಇ.ಎಲ್. 84, ಇ.ಝಡ್. 80, ಹಸಿರು ಕಣ್ಣು ಇ.ಎಂ. 80. ಇವು ಅಂಕಿತನಾಮಗಳಲ್ಲ, ಸಮಾಸಗಳು! 'ಇ' ಎಂಬುದು ಎಲ್ಲಕ್ಕೂ ಪೂರ್ವಪದ: ಒಳಗಿನ ಕಾವಿನ ತಂತಿಗೆ 6.3 ವೋಲ್ಟ್ ಬೇಕೆಂದು ಅದರ ಅರ್ಥ. 'ಸಿ' ಎಂದರೆ ಮೂರು ಧ್ರುವಗಳ ಕವಾಟ, 'ಎಫ್' ಎಂದರೆ ಐದು ಧ್ರುವಗಳದು, 'ಎಲ್' ಎಂದರೆ ಸ್ಪೀಕರನ್ನು ನುಡಿಸುವ ಬಲಿಷ್ಠ, 'ಝಡ್' ಎಂದರೆ ಓಲಾಡುವ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಹರಿಸುವ ದ್ವಾರಪಾಲ, 'ಬಿ' ಎಂದರೆ ದನಿಯನ್ನು ಅಲೆಯಿಂದ ಬೇರ್ಪಡಿಸುವ ದ್ವಿಧ್ರುವಗಳ ಜೋಡಿ. ಇ.ಬಿ.ಸಿ. 81ರ ಪದವಿಭಾಗ ಮಾಡಿದರೆ ಅದರ ಕೆಲಸವೇ ತಿಳಿಯುತ್ತದೆ: ದನಿಯನ್ನು ಬಿಡಿಸಿ, ಬಿಡಿಸಿದ್ದನ್ನು ತುಸು ಹಿಗ್ಗಿಸುವುದು. ಯಂತ್ರಕ್ಕೂ ವ್ಯಾಕರಣವುಂಟೆಂದು ತಿಳಿದ ಮೇಲೆ ನನ್ನ ಅರ್ಧ ಭಯ ಹೋಯಿತು.

ಗಾಜಿನ ಬುರುಡೆಯೊಳಗಿನ ಗಾಳಿಯನ್ನೆಲ್ಲ ಹೀರಿ, ಕಾದ ಲೋಹದಿಂದ ಎಲೆಕ್ಟ್ರಾನುಗಳನ್ನು ಹೊರಡಿಸಿ ಒಂದೇ ದಿಕ್ಕಿಗೆ ಓಡಿಸುವ ಈ ಉಪಾಯವನ್ನು 1904ರಲ್ಲಿ ಕಂಡುಹಿಡಿದವನು ಇಂಗ್ಲೆಂಡಿನ ಫ್ಲೆಮಿಂಗ್. 1906ರಲ್ಲಿ ಅಮೆರಿಕದ ಡಿ ಫಾರೆಸ್ಟ್ ಅದರ ನಡುವೆ ಮೂರನೆಯ ಧ್ರುವವೊಂದನ್ನು ಇಟ್ಟ. ಅರ್ಧ ಶತಮಾನದ ಕಾಲ ಲೋಕದ ಮಾತೆಲ್ಲ ಆ ಮೂರನೆಯ ಧ್ರುವದ ಜಾಲರಿಯನ್ನು ದಾಟಿ ಬಂತು. ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ 1960ರ ದಶಕದಲ್ಲಿ ಈ ಕವಾಟಗಳನ್ನು ನಮ್ಮಲ್ಲಿಯೇ ತಯಾರಿಸತೊಡಗಿತು. ತಾತನವರು 'ಕಳಪೆ' ಎಂದ ಇ.ಎಲ್. 84 ಅಲ್ಲಿಯದೇ.

ಗುರುಗಳು ಹೇಳಿದಂತೆ ಮನೆಯ ವಿದ್ಯುತ್ತಿಗೂ ರೇಡಿಯೋಗೂ ನಡುವೆ 60 ವಾಟಿನ ಹಳೆಯ ದೀಪವೊಂದನ್ನು ಸರಣಿಯಲ್ಲಿ ಜೋಡಿಸಿದೆ. ಒಳಗೆ ಎಲ್ಲಿಯಾದರೂ ಅಡ್ಡದಾರಿಯಾಗಿದ್ದರೆ ದೀಪ ಪೂರ್ಣವಾಗಿ ಉರಿದು ಎಚ್ಚರಿಸುತ್ತದೆ, ರೇಡಿಯೋ ಸುಡುವುದಿಲ್ಲ. ದೀಪ ಉರಿಯಿತು, ಆರಲಿಲ್ಲ. ತಕ್ಷಣ ಕಿತ್ತೆ. ದ್ವಾರಪಾಲನಾದ ಇ.ಝಡ್. 80ನ್ನು ಹೊರಗಿಟ್ಟು ಮತ್ತೆ ಪರೀಕ್ಷಿಸಿದೆ. ಈ ಬಾರಿ ದೀಪ ಮಂಕಾಯಿತು. ಎಂದರೆ ದೋಷ ಅವನ ಆಚೆಗಿದೆ. ಆಚೆಗಿದ್ದುದು ಅಲೆಗಳನ್ನು ಸಮಮಾಡುವ ದೊಡ್ಡ ಕಂಡೆನ್ಸರು. ಒಳಗಿನ ರಸ ಒಣಗಿ, ನಿರೋಧ ಸತ್ತಿತ್ತು.

ಬೆಂಗಳೂರಿಗೆ ಹೋಗಿ ಎಸ್. ಪಿ. ರಸ್ತೆಯ ಅಂಗಡಿಗಳನ್ನು ಅರ್ಧ ದಿನ ಅಲೆದು ಹೊಸ ಕಂಡೆನ್ಸರುಗಳನ್ನು ತಂದೆ. ಬೆಸುಗೆ ಹಾಕಲು ಕಲಿಯುವಷ್ಟರಲ್ಲಿ ಎರಡು ಬೆರಳು ಸುಟ್ಟವು. ಫಲಕದ ಮುಳ್ಳನ್ನು ಎಳೆಯುವ ದಾರ ಹರಿದುಹೋಗಿತ್ತು. ನೈಲಾನಿನ ದಾರ ಜಾರುತ್ತಿತ್ತು. ಅಮ್ಮ ಮೊಳಕಾಲ್ಮೂರಿನ ನೇಕಾರರೊಬ್ಬರ ಮನೆಯಿಂದ ಹಿಂದೆಂದೋ ತಂದಿಟ್ಟಿದ್ದ ರೇಷ್ಮೆಯ ಎಳೆಗಳನ್ನು ಹೊಸೆದು ಕೊಟ್ಟಳು. ಸೀರೆಯಾಗಬೇಕಾಗಿದ್ದ ರೇಷ್ಮೆ ನಮ್ಮ ರೇಡಿಯೋದಲ್ಲಿ ಬೆಂಗಳೂರಿನಿಂದ ಧಾರವಾಡಕ್ಕೆ ಮುಳ್ಳನ್ನು ಎಳೆಯತೊಡಗಿತು.

ಈ ಸಲ ದೀಪ ಒಮ್ಮೆ ಮಿಂಚಿ ಮಂಕಾಯಿತು. ಕವಾಟಗಳೊಳಗೆ ಕೆಂಡದ ಎಳೆಗಳು ಮೂಡಿದವು. ಬೆಚ್ಚಗಾದ ಮೇಣ ಮತ್ತು ಧೂಳಿನ ಆ ಹಳೆಯ ವಾಸನೆ ಇಪ್ಪತ್ತಮೂರು ವರ್ಷಗಳ ಆಚೆಯಿಂದ ಬಂದು ಮೂಗಿಗೆ ತಾಗಿತು. ಅಡಿಗೆಮನೆಯಲ್ಲಿದ್ದ ಅಮ್ಮ, "ನಿಮ್ಮ ತಾತ ಬಂದ ಹಾಗಾಯಿತು" ಎಂದಳು. ಆದರೆ ದನಿಯಿಲ್ಲ.

ಇಲ್ಲಿಂದ ಮುಂದಿನ ಕ್ರಮ ಒಂದೇ. ದೋಷವನ್ನು ಹುಡುಕುವವನು ಆಕಾಶದ ಕಡೆಯಿಂದ ಬರಬಾರದು; ಸ್ಪೀಕರಿನ ಕಡೆಯಿಂದ ಹೊರಟು ಹಿಂದಕ್ಕೆ ಹಿಂದಕ್ಕೆ ಹೋಗಬೇಕು. ಎಲ್ಲಿಯವರೆಗೆ ಜೀವವಿದೆ, ಎಲ್ಲಿ ನಿಂತಿದೆ ಎಂದು ಒಂದೊಂದು ಮೆಟ್ಟಿಲನ್ನೂ ಮುಟ್ಟಿ ನೋಡಬೇಕು. ನಮ್ಮ ಗ್ರಂಥಸಂಪಾದಕರು ಅಪಪಾಠವೊಂದನ್ನು ಹಿಡಿದು ಪ್ರತಿಯಿಂದ ಮಾತೃಪ್ರತಿಗೆ, ಅಲ್ಲಿಂದ ಅದರ ಮಾತೃಪ್ರತಿಗೆ ಹೋಗಿ, ಕೊನೆಗೆ ಲಿಪಿಕಾರನ ಕೈ ತಪ್ಪಿದ ಸ್ಥಳವನ್ನು ಹಿಡಿಯುವುದಿಲ್ಲವೇ, ಹಾಗೆ.

ಸ್ಪೀಕರು ಸರಿಯಾಗಿತ್ತು. ಇ.ಎಲ್. 84ರ ಜಾಲರಿಯನ್ನು ಮೀಟರಿನಿಂದ ಅಳೆದರೆ ಶೂನ್ಯವಿರಬೇಕಾದಲ್ಲಿ 8 ವೋಲ್ಟ್. ಹಿಂದಿನ ಕವಾಟದಿಂದ ದನಿಯನ್ನು ಮಾತ್ರ ದಾಟಿಸಿ ಒತ್ತಡವನ್ನು ತಡೆಯಬೇಕಾದ ಮೇಣದ ಕಂಡೆನ್ಸರೊಂದು ಸೋರುತ್ತಿತ್ತು. ಹಾಗೆಯೇ ಬಿಟ್ಟಿದ್ದರೆ ಕವಾಟ ಕೆಂಪಗೆ ಕಾದು ಸಾಯುತ್ತಿತ್ತು. ಅದನ್ನು ಬದಲಿಸಿದೆ. ಹಿಂಬದಿಯಲ್ಲಿ ಗ್ರಾಮಫೋನಿಗೆಂದು ಬಿಟ್ಟಿರುವ ರಂಧ್ರಕ್ಕೆ ಪುಟ್ಟ ತಂತಿ ತಾಗಿಸಿದೊಡನೆ ಸ್ಪೀಕರು ಗುಂಯ್ ಎಂದಿತು. 'ಕಳಪೆ' ಎಂದು ತಾತನವರು ಜರೆದ ಬೆಂಗಳೂರಿನ ಕವಾಟ ನಿಷ್ಕಳಂಕವಾಗಿತ್ತು. ಅಲ್ಲಿಯವರೆಗೆ ಯಾವ ಮೋಸವೂ ಇರಲಿಲ್ಲ. ಹಿಂದಕ್ಕೆ ಇನ್ನೊಂದು ಮೆಟ್ಟಿಲು ಹೋದೆ. ಅಲ್ಲಿದ್ದವು ಎರಡು ಅಲ್ಯುಮಿನಿಯಂ ಡಬ್ಬಿಗಳು.

ಈ ಡಬ್ಬಿಗಳ ವಿಚಾರವನ್ನು ಸ್ವಲ್ಪ ಹೇಳಬೇಕು. ರೇಡಿಯೋ ತಾನು ಹಿಡಿದ ಯಾವ ನಿಲಯದ ಅಲೆಯನ್ನೇ ಆಗಲಿ, ಮೊದಲು ಒಂದೇ ಗೊತ್ತಾದ ಅಲೆಯನ್ನಾಗಿ, ಸುಮಾರು 455 ಕಿಲೋಹರ್ಟ್ಸಿಗೆ, ಪರಿವರ್ತಿಸಿಕೊಳ್ಳುತ್ತದೆ. ಡಬ್ಬಿಯೊಳಗಿನ ಸುರುಳಿಗಳು ಆ ಒಂದೇ ಶ್ರುತಿಗೆ ಕಟ್ಟಿದ ತಂತಿಗಳಿದ್ದಂತೆ. ಶ್ರುತಿಗೂಡಿಸಲು ಪ್ರತಿ ಸುರುಳಿಯ ನಡುವೆ ತಿರುಪಿನಂಥ ಒಂದು ಕರಿಯ ತಿರುಳು ಇರುತ್ತದೆ. ಅದನ್ನು ಕಾರ್ಖಾನೆಯಲ್ಲಿ ಕೂದಲೆಳೆಯಷ್ಟು ತಿರುಗಿಸಿ ಹೊಂದಿಸಿ ಬಿಟ್ಟಿರುತ್ತಾರೆ. ನೋಡುವವನಿಗೆ ಅದು ಸಡಿಲವಾದ ತಿರುಪಿನಂತೆಯೇ ತೋರುತ್ತದೆ.

ನಮ್ಮ ರೇಡಿಯೋದ ನಾಲ್ಕು ತಿರುಳುಗಳೂ ತಳ ಮುಟ್ಟುವವರೆಗೆ ತಿರುಗಿಸಲ್ಪಟ್ಟಿದ್ದವು. ತಲೆಗಳು ಕಿತ್ತುಹೋಗಿದ್ದವು. ಒಂದು ಒಡೆದು ಒಳಗೇ ಸಿಕ್ಕಿಕೊಂಡಿತ್ತು.

ನಾನು ತಿರುಪುಳಿಯನ್ನು ಕೆಳಗಿಟ್ಟೆ. ಈ ಅಪಪಾಠದ ಲಿಪಿಕಾರ ಯಾರೆಂದು ನನಗೆ ಗೊತ್ತಿತ್ತು.

1996ರಲ್ಲಿ ನನಗೆ ಹತ್ತು ವರ್ಷ. ರೇಡಿಯೋ ಮಾವನ ಅಂಗಡಿಯ ಮುಂದೆ ಗಂಟೆಗಟ್ಟಲೆ ನಿಂತು ಅವರು ತಿರುಪುಗಳನ್ನು ಬಿಗಿಮಾಡುವುದನ್ನು ನೋಡಿದ್ದೆ. ಬಿಗಿಮಾಡುವುದೇ ರಿಪೇರಿಯೆಂದು ನಂಬಿದ್ದೆ. ಎಂಟನೆಯ ದಿನದ ಮಧ್ಯಾಹ್ನ, ಹಿರಿಯರೆಲ್ಲ ಮಲಗಿದ್ದಾಗ, ಅಜ್ಜಿಯ ಹೊಲಿಗೆ ಯಂತ್ರದ ತಿರುಪುಳಿಯನ್ನು ತಂದು ಹಲಗೆ ತೆಗೆದೆ. ನಾಲ್ಕು ತಿರುಪುಗಳು ಸಡಿಲವಾಗಿರುವಂತೆ ಕಂಡವು. ಉಪಕಾರ ಮಾಡಿದೆ. ಕೊನೆಯದು 'ಕಟಕ್' ಎಂದಿತು. ಹಲಗೆ ಮುಚ್ಚಿ, ಓಡಿಹೋಗಿ ನದಿಯ ಮರಳಿನಲ್ಲಿ ಸಂಜೆಯವರೆಗೆ ಕುಳಿತಿದ್ದೆ.

ಇದನ್ನು ನಾನು ಮರೆತಿದ್ದೆನೆಂದು ಬರೆದರೆ ಸುಳ್ಳಾಗುತ್ತದೆ. ಮರೆತಿರಲಿಲ್ಲ, ಅಟ್ಟದ ಮೇಲೆ ಹಾಕಿದ್ದೆ. ರೇಡಿಯೋ ಮಾವ ಚಳ್ಳಕೆರೆಯಲ್ಲಿ ಮಗಳ ಮನೆಯಲ್ಲಿದ್ದಾರೆಂದು ನನಗೆ ವರ್ಷಗಳಿಂದ ತಿಳಿದಿತ್ತು. ತಿಳಿದಿದ್ದರಿಂದಲೇ, ಅಲ್ಲಿ ಬಸ್ಸು ಬದಲಿಸುವಾಗಲೆಲ್ಲ ನಾನು ನಿಲ್ದಾಣವನ್ನು ಬಿಟ್ಟು ಹೊರಗೆ ಕಾಲಿಡುತ್ತಿರಲಿಲ್ಲ.

ಮರುದಿನ ಕಾಲಿಟ್ಟೆ. ಎಪ್ಪತ್ತರ ಸಮೀಪದ ಮನುಷ್ಯ ಪಡಸಾಲೆಯಲ್ಲಿ ಕುಳಿತು ಮಿಕ್ಸಿಯೊಂದನ್ನು ಬಿಚ್ಚುತ್ತಿದ್ದರು. ಗುರುತು ಹೇಳಿದೆ.

"ಬನ್ನಿ ಸಾರ್, ಕೂತ್ಕೊಳ್ಳಿ. ಲೆಕ್ಚರರ್ ಆಗಿದ್ದೀರಂತೆ, ಕೇಳಿದ್ದೆ" ಎಂದು ಚಾಪೆ ಸರಿಸಿದರು.

"ಮಾವ, ತಾತನ ರೇಡಿಯೋ ಬಿಚ್ಚಿದ್ದೀನಿ. ಕಂಡೆನ್ಸರೆಲ್ಲ ಬದಲಾಯಿಸಿದೆ. ಆದರೂ ಸ್ಟೇಷನ್ನು ಬರ್ತಿಲ್ಲ."

"ಹೆಂಗೆ ಬರುತ್ತೆ? ಎರಡನೇ ಡಬ್ಬೀಲಿ ಕೆಳಗಿನ ಕೋರು ಒಡೆದಿದೆಯಲ್ಲ."

ಯಾವ ಡಬ್ಬಿಯೆಂದಾಗಲಿ, ಏನು ಒಡೆದಿದೆಯೆಂದಾಗಲಿ ನಾನು ಹೇಳಿರಲಿಲ್ಲ. ಗಂಟಲು ಒಣಗಿತು. "ಅದನ್ನ ಒಡೆದದ್ದು ನಾನು ಮಾವ" ಎಂದೆ.

"ಗೊತ್ತು" ಎಂದರು, ಮಿಕ್ಸಿಯಿಂದ ಕಣ್ಣೆತ್ತದೆ.

"ಅವತ್ತೇ ಗೊತ್ತಾಯ್ತಾ?"

"ಹಲಗೆ ತೆಗೆದಾಗಲೇ. ಕೋರಿನ ತಲೆ ಹೊಸದಾಗಿ ಕಿತ್ತುಹೋಗಿತ್ತು. ನೀನು ಬಾಗಿಲ ಹಿಂದೆ ನಿಂತಿದ್ದೆ, ಎರಡು ಕೈಯೂ ಬೆನ್ನ ಹಿಂದೆ." 'ಸಾರ್' ಹೋಗಿ 'ನೀನು' ಬಂದಿತ್ತು. "ಸರಿಮಾಡೋಣ ಅಂದ್ರೆ ಹೊಸ ಡಬ್ಬಿ ಬೇಕು. ಯಾಕೆ ಬೇಕು ಅಂತ ಮೇಷ್ಟ್ರು ಕೇಳ್ತಾರೆ. ಕೇಳಿದ್ರೆ ನಿಜ ಹೇಳಬೇಕು. ನಾನೂ ಅವರ ಹತ್ರ ಮೂರನೇ ಕ್ಲಾಸು ಓದಿದೋನು. ಮಗ್ಗಿ ತಪ್ಪಿದ್ದಕ್ಕೆ ಅವರ ಬೆತ್ತದ ರುಚಿ ನೋಡಿದೋನು. ಮಾತಿಲ್ಲದೆ ದುಡ್ಡು ಇಟ್ಟು ಬಂದೆ."

"ನಿಮ್ಮನ್ನ ಕಳ್ಳ ಅಂದ್ರಲ್ಲ ಮಾವ!"

ಅವರು ಮಿಕ್ಸಿಯನ್ನು ಕೆಳಗಿಟ್ಟರು. "ಹುಡುಗ ನಾಳೆ ತಾನೇ ಹೇಳ್ತಾನೆ ಅಂದ್ಕೊಂಡೆ. ಒಂದು ವಾರ ಕಾದೆ. ಆಮೇಲೆ ಕಾಯೋದು ಬಿಟ್ಟೆ."

ಅಂಗಡಿಯ ಮಾತೆತ್ತಿದೆ. "ಅದು ನಿಮ್ಮ ತಾತನಿಂದ ಅಲ್ಲ ಬಿಡು. ಟಿ.ವಿ. ಬಂತು, ರೇಡಿಯೋ ಕಾಲ ಮುಗೀತು" ಎಂದರು. ಅದು ನಿಜವೋ, ನನ್ನನ್ನು ಹಗುರಮಾಡಲು ಆಡಿದ ಮಾತೋ, ಕೇಳುವ ಧೈರ್ಯ ನನಗೆ ಬರಲಿಲ್ಲ. ಕಾಫಿ ಕುಡಿದ ಮೇಲೆ ಅವರೇ ಎದ್ದು, ಮಂಚದ ಕೆಳಗಿನಿಂದ ಗೋಣಿಚೀಲವೊಂದನ್ನು ಎಳೆದು, ಹಳೆಯ ಸಾಮಾನುಗಳನ್ನು ತಡಕಿ, ಒಂದು ಡಬ್ಬಿಯನ್ನು ಹೊರತೆಗೆದು ಒರೆಸಿದರು. "ನಾಡಿದ್ದು ಬರ್ತೀನಿ" ಎಂದರು.

ಆ ರಾತ್ರಿ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. "2003ರಲ್ಲಿ ತೀರಿಕೊಳ್ಳುವವರೆಗೂ ನಿಮ್ಮ ತಾತ ಆತನ ಹೆಸರೆತ್ತಿದರೆ ಮುಖ ತಿರುಗಿಸುತ್ತಿದ್ದರು. ಆಮೇಲೆ ಇಷ್ಟು ವರ್ಷ ನಾನು ಆ ಮಾತು ನಡೆಸಿಕೊಂಡು ಬಂದೆ. ಈ ಪಾಪ ಈಗ ಯಾರ ಲೆಕ್ಕಕ್ಕೋ?" ಎಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಗೊತ್ತಾದ ದಿನ ಅಪ್ಪ ಬೆಳಿಗ್ಗೆಯೇ ಕ್ಷೌರ ಮಾಡಿಕೊಂಡು, ಮಡಿಯ ಪಂಚೆಯುಟ್ಟು, ತಾವೇ ಬಸ್ ನಿಲ್ದಾಣಕ್ಕೆ ಹೋಗಿ ರೇಡಿಯೋ ಮಾವನನ್ನು ಕರೆತಂದರು. ದಾರಿಯಲ್ಲಿ ಇಬ್ಬರೂ ಏನು ಮಾತನಾಡಿಕೊಂಡರೋ ತಿಳಿಯದು. ಮಾವ ಒಳಗೆ ಬಂದು ತಾತನವರ ಪಟಕ್ಕೆ ಕೈಮುಗಿದು ಕೆಲಸಕ್ಕೆ ಕುಳಿತರು. ಹಳೆಯ ಡಬ್ಬಿಯನ್ನು ಕಿತ್ತು ಹೊಸದನ್ನು ಬೆಸೆದರು. ಚೀಲದಿಂದ ಸವೆದ ಆಸಿಲೇಟರೊಂದನ್ನು ತೆಗೆದು 455ರ ಶ್ರುತಿ ಹಿಡಿದರು. ತಿರುಳನ್ನು ತಿರುಗಿಸಲು ಅವರು ಬಳಸಿದ್ದು ಕಬ್ಬಿಣದ ತಿರುಪುಳಿಯಲ್ಲ. ತುದಿ ಚಪ್ಪಟೆ ಮಾಡಿದ ಬಿದಿರಿನ ಕಡ್ಡಿ. ಲೋಹ ಹತ್ತಿರ ಬಂದರೆ ಶ್ರುತಿ ಕೆಡುತ್ತದಂತೆ. ಸ್ಪೀಕರಿನ ಕಡೆಯ ಡಬ್ಬಿಯಿಂದ ಆರಂಭಿಸಿ ಹಿಂದಕ್ಕೆ ಬರುತ್ತ, ಒಂದೊಂದು ತಿರುಳನ್ನೂ ಎಳ್ಳಿನಷ್ಟು ಅತ್ತ, ಎಳ್ಳಿನಷ್ಟು ಇತ್ತ ತಿರುಗಿಸಿದರು. ಹಸಿರು ಕಣ್ಣಿನ ರೆಪ್ಪೆಗಳು ಮೆಲ್ಲಗೆ ಹತ್ತಿರ ಬಂದವು.

ಸಂಜೆಯಾಗಿತ್ತು. ಬೇವಿನ ಮರಕ್ಕೆ ಮತ್ತೆ ಕಟ್ಟಿದ ತಂತಿಯನ್ನು ಸಿಕ್ಕಿಸಿ ಮುಳ್ಳನ್ನು 490 ಮೀಟರಿನ ಕಡೆಗೆ ಸರಿಸಿದರು. ಗರಗರ ಸದ್ದಿನ ನಡುವೆ ಕನ್ನಡದ ಹೆಣ್ಣುದನಿಯೊಂದು ಎದ್ದು ಬಂತು. ಬೆಂಗಳೂರು. ಯಾವುದೋ ಗೊಬ್ಬರದ ವಿಚಾರವಾಗಿ ರೈತರಿಗೆ ಸಲಹೆ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗೊಬ್ಬರದ ಮಾತು ಕೇಳಿ ಅತ್ತವರು ನಮ್ಮ ಮನೆಯವರೇ ಇರಬೇಕು!

ಮಾವ ಹಿಂಬದಿಯ ಹಲಗೆಗೆ ಮೂರು ತಿರುಪು ಹಾಕಿ, ನಾಲ್ಕನೆಯದನ್ನು ನನ್ನ ಅಂಗೈಗೆ ಹಾಕಿದರು. "ಇದು ನೀನು ಹಾಕು. ಪೂರಾ ಬಿಗಿ ಮಾಡಬೇಡ."

ಕೂಲಿ ಎಷ್ಟೆಂದು ಅಪ್ಪ ಕೇಳಿದರು. "ಅರವತ್ತು" ಎಂದರು ಮಾವ. ಅಪ್ಪ ಒಳಗೆ ಹೋಗಿ ಹತ್ತರ ಆರು ನೋಟುಗಳನ್ನು ತಂದು ಎರಡು ಕೈಯಿಂದ ಕೊಟ್ಟರು. ಮಾವ ಅದನ್ನು ಒಳಗೆ ನಿಂತು ಜೇಬಿಗಿಳಿಸಲಿಲ್ಲ. ಜಗಲಿಗೆ ಬಂದು, ಬೀದಿಗೆ ಕಾಣುವಂತೆ ನಿಂತು, ಒಂದೊಂದಾಗಿ ಎಣಿಸಿದರು.

ಎದುರು ಮನೆಯ ವೃದ್ಧರೊಬ್ಬರು ಕೋಲೂರಿಕೊಂಡು ಹೊರಗೆ ಬಂದು, "ಏನಪ್ಪಾ, ಮೇಷ್ಟ್ರ ರೇಡಿಯೋ ಮಾತಾಡ್ತಾ ಇದೆಯಾ?" ಎಂದರು.

"ಮಾತಾಡ್ತಾ ಇದೆ" ಎಂದು ಅಪ್ಪ ಬೀದಿಯ ತುದಿಗೂ ಕೇಳುವಂತೆ ಹೇಳಿದರು. "ಅವತ್ತೂ ಇವರು ಅದನ್ನ ಕೆಡಿಸಿರಲಿಲ್ಲ. ಕೆಡಿಸಿದ್ದು ನನ್ನ ಮಗ."

ವೃದ್ಧರು ನನ್ನ ಕಡೆ ನೋಡಿದರು. ಅಂದು ಸಂತೆಯ ದಿನ ಅಂಗಡಿಯ ಮುಂದೆ ನಿಂತಿದ್ದ ಹತ್ತು ಜನರಲ್ಲಿ ಉಳಿದವರು ಬಹುಶಃ ಅವರೊಬ್ಬರೇ. ಮಿಕ್ಕವರಿಗೆ ಹೇಳುವ ಕಾಲ ದಾಟಿಹೋಗಿತ್ತು. ನಾನು ಈ ಬಾರಿ ಬಾಗಿಲ ಹಿಂದೆ ನಿಂತಿರಲಿಲ್ಲ. "ಹೌದು ತಾತ, ನಾನೇ" ಎಂದೆ.